ಬ್ಯಾಕ್ಟೀರಿಯಾಗಳನ್ನೇ ಸೆನ್ಸರ್ ಮಾಡಿಕೊಂಡ ಎಂಗೆಲ್‌ಮನ್

ಫಸ್ಟ್ ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಈ ಹೆಸರು ನೆನಪಿರಬಹುದು. ದ್ಯುತಿಸಂಶ್ಲೇಷಣೆ, ಅಂದ್ರೆ ನಾವು ಫೋಟೋಸಿಂಥೆಸಿಸ್ ಅಂತ ಓದಿದ ಪಾಠದಲ್ಲಿ ಟಿ. ಡಬ್ಲ್ಯು. ಎಂಗೆಲ್‌ಮನ್ ಅನ್ನೋ ವಿಜ್ಞಾನಿ ಬರುತ್ತಾರೆ. ಒಂದು ಪ್ರಿಸಂ, ಕ್ಲಾಡೋಫೋರಾ ಅನ್ನೋ ಹಸಿರು ಪಾಚಿ, ಸ್ವಲ್ಪ ಬ್ಯಾಕ್ಟೀರಿಯಾ, ಕೊನೆಗೆ ಕೆಂಪು ಮತ್ತು ನೀಲಿ ಬೆಳಕು. ನಾಲ್ಕೈದು ಸಾಲಿನಲ್ಲಿ ಅವರ ಕತೆ ಮುಗಿದು ಮುಂದಿನ ವಿಜ್ಞಾನಿಯ ಹೆಸರು ಬಂದುಬಿಡುತ್ತದೆ. ನಾವೂ ಒಂದು ಮಾರ್ಕಿನ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ಓದಿ ಪುಟ ತಿರುಗಿಸಿದ್ವಿ. ಆದರೆ ಆ ನಾಲ್ಕೈದು ಸಾಲಿನ ಹಿಂದೆ ಇರುವ ಮನುಷ್ಯನ ಬದುಕು ಎಂಜಿನಿಯರಿಂಗ್ ಓದುವವರು ತಿಳಿದುಕೊಳ್ಳಲೇಬೇಕಾದದ್ದು ಅಂತ ನನಗೆ ಅನ್ನಿಸುತ್ತದೆ. ಯಾಕಂದ್ರೆ ಅವರು ಬಿಡಿಸಿದ ಸಮಸ್ಯೆ ಅರ್ಧ ಜೀವಶಾಸ್ತ್ರದ್ದು, ಇನ್ನರ್ಧ ಅಳತೆಯದ್ದು.

ಥಿಯೋಡೋರ್ ವಿಲ್ಹೆಲ್ಮ್ ಎಂಗೆಲ್‌ಮನ್ ಹುಟ್ಟಿದ್ದು 1843ರ ನವೆಂಬರ್ 14ರಂದು, ಲೈಪ್‌ಜಿಗ್ ನಗರದಲ್ಲಿ. ಜರ್ಮನಿ ಅನ್ನೋ ಒಂದೇ ದೇಶ ಆಗ ಇನ್ನೂ ಇರಲಿಲ್ಲ, ಲೈಪ್‌ಜಿಗ್ ಸ್ಯಾಕ್ಸನಿ ರಾಜ್ಯದಲ್ಲಿತ್ತು. ಅದು ಪುಸ್ತಕಗಳ ಊರು. ಅಪ್ಪ ವಿಲ್ಹೆಲ್ಮ್ ಎಂಗೆಲ್‌ಮನ್ ಅಲ್ಲಿನ ದೊಡ್ಡ ಪ್ರಕಾಶಕರಲ್ಲಿ ಒಬ್ಬರು, ಅದರಲ್ಲೂ ವಿಜ್ಞಾನದ ಪುಸ್ತಕಗಳಿಗೆ ಹೆಸರಾದವರು. ಅಣ್ಣ ರುಡಾಲ್ಫ್ ಮುಂದೆ ಖಗೋಳ ವಿಜ್ಞಾನಿ ಆದರು. ಅಂದ್ರೆ ಮನೆಯಲ್ಲೇ ವಿಜ್ಞಾನದ ಪುಸ್ತಕ, ಪತ್ರಿಕೆಗಳ ಓಡಾಟ ಇತ್ತು. ಇಂಥ ಮನೆಯ ಹುಡುಗನಿಗೆ ಮೈಕ್ರೋಸ್ಕೋಪಿನ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯ ಇಲ್ಲ.

ಆ ಹುಚ್ಚು ಬೇಗ ಫಲ ಕೊಟ್ಟಿತು. ನಿಂತ ನೀರಿನಲ್ಲಿ ಓಡಾಡುವ ಏಕಕೋಶ ಜೀವಿಗಳ ಬಗ್ಗೆ ಎಂಗೆಲ್‌ಮನ್ ಬರೆದ ದೊಡ್ಡ ಲೇಖನ 1862ರಲ್ಲಿ ಒಂದು ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಬಂತು. ಅವರಿಗೆ ಹತ್ತೊಂಬತ್ತು ತುಂಬಿದ ವರ್ಷ ಅದು. ನಮ್ಮ ವಯಸ್ಸು! ಆ ಪತ್ರಿಕೆಯನ್ನು ಅಚ್ಚು ಹಾಕಿಸುತ್ತಿದ್ದದ್ದು ಅಪ್ಪನ ಪ್ರಕಾಶನವೇ ಅನ್ನೋದು ನಿಜ. ಹಾಗಂತ ಅಪ್ಪನ ಕೃಪೆ ಅಂತ ತಳ್ಳಿಹಾಕುವ ಹಾಗಿಲ್ಲ. ಅವರು ಅದರಲ್ಲಿ ವಿವರಿಸಿದ ಜೀವಿಗಳ ಹೆಸರಿನ ಮುಂದೆ ಇವತ್ತಿಗೂ ಎಂಗೆಲ್‌ಮನ್, 1862 ಅಂತ ಬರೆಯುತ್ತಾರೆ.

ಯೇನಾ, ಹೈಡೆಲ್‌ಬರ್ಗ್, ಗಾಟಿಂಗೆನ್, ಮತ್ತೆ ಲೈಪ್‌ಜಿಗ್ ಅಂತ ಊರೂರು ಸುತ್ತಿ ಓದಿ, 1867ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಗಡಿ ದಾಟಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ನಗರಕ್ಕೆ ಹೋದರು. ಅಲ್ಲಿ ಫ್ರಾನ್ಸಿಸ್ಕಸ್ ಡಾಂಡರ್ಸ್ ಅನ್ನೋ ಪ್ರೊಫೆಸರ್ ಇದ್ದರು. ಕಣ್ಣಿನ ದೋಷಗಳನ್ನು ಲೆಕ್ಕ ಹಾಕಿ ಸರಿಯಾದ ಕನ್ನಡಕ ಕೊಡುವುದಕ್ಕೆ ಶಾಸ್ತ್ರೀಯವಾದ ತಳಹದಿ ಹಾಕಿದವರಲ್ಲಿ ಅವರು ಮುಖ್ಯರು. ಎಂಗೆಲ್‌ಮನ್ ಅವರಿಗೆ ಸಹಾಯಕರಾಗಿ ಸೇರಿಕೊಂಡರು. ಕೆಲಸಕ್ಕೆ ಅಂತ ಹೋದ ಊರಿನಲ್ಲಿ ಮೂವತ್ತು ವರ್ಷ ಉಳಿದರು.

1869ರಲ್ಲಿ ಡಾಂಡರ್ಸ್ ಅವರ ಮಗಳು ಮರೀ ಜೊತೆ ಎಂಗೆಲ್‌ಮನ್ ಮದುವೆ ಆಯ್ತು. ಮರುವರ್ಷವೇ ಅವಳಿ ಮಕ್ಕಳ ಹೆರಿಗೆಯಲ್ಲಿ ಮರೀ ತೀರಿಕೊಂಡರು. ಎಂಗೆಲ್‌ಮನ್‌ಗೆ ಆಗ ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸು. ಮಗಳನ್ನು ಕಳೆದುಕೊಂಡ ಅಪ್ಪ, ಹೆಂಡತಿಯನ್ನು ಕಳೆದುಕೊಂಡ ಅಳಿಯ, ಇಬ್ಬರೂ ಒಂದೇ ಸಂಸ್ಥೆಯಲ್ಲಿ ದಿನಾ ಮುಖ ನೋಡಿಕೊಂಡು ಕೆಲಸ ಮಾಡಬೇಕು. ಎಂಗೆಲ್‌ಮನ್ ಊರು ಬಿಟ್ಟು ಹೋಗಲಿಲ್ಲ. ಡಾಂಡರ್ಸ್ ಜೊತೆಗಿನ ಕೆಲಸ ಮುಂದುವರಿಯಿತು, 1888ರಲ್ಲಿ ಡಾಂಡರ್ಸ್ ನಿವೃತ್ತರಾದಾಗ ಅವರ ಪೀಠಕ್ಕೆ ಬಂದದ್ದೂ ಎಂಗೆಲ್‌ಮನ್ನರೇ.

1874ರಲ್ಲಿ ಅವರು ಎಮ್ಮಾ ಬ್ರಾಂಡೆಸ್ ಅನ್ನೋ ಪಿಯಾನೋ ವಾದಕಿಯನ್ನು ಮದುವೆಯಾದರು. ಎಮ್ಮಾ ಸಣ್ಣ ವಯಸ್ಸಿನಲ್ಲೇ ದೊಡ್ಡ ವೇದಿಕೆಗಳಲ್ಲಿ ಹೆಸರು ಮಾಡಿದ್ದವರು. ಮದುವೆಯಾದ ಮೇಲೆ ಸಾರ್ವಜನಿಕ ಕಛೇರಿ ಬಿಟ್ಟರು. ಆ ಕಾಲದಲ್ಲಿ ಅದು ಸಹಜ ಅಂತ ಎಲ್ಲರೂ ಅಂದುಕೊಂಡಿರಬಹುದು, ಇವತ್ತು ಓದುವಾಗ ಮಾತ್ರ ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ. ಮನೆಯಲ್ಲಿ ಸಂಗೀತ ನಿಲ್ಲಲಿಲ್ಲ. ಎಂಗೆಲ್‌ಮನ್ ತಾವೂ ಚೆನ್ನಾಗಿ ಚೆಲ್ಲೋ ನುಡಿಸುತ್ತಿದ್ದರು. ಕ್ಲಾರಾ ಶೂಮನ್, ಜೋಸೆಫ್ ಜೋಕಿಮ್, ಯೊಹಾನೆಸ್ ಬ್ರಾಹ್ಮ್ಸ್ ಅಂಥವರು ಉಟ್ರೆಕ್ಟ್‌ನ ಆ ಮನೆಗೆ ಬಂದು ಹೋಗುವ ಸ್ನೇಹಿತರಾಗಿದ್ದರು. ಬ್ರಾಹ್ಮ್ಸ್ ತಮ್ಮ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್ಟನ್ನು ಎಂಗೆಲ್‌ಮನ್‌ಗೇ ಅರ್ಪಿಸಿದ್ದಾರೆ. ತಮಾಷೆ ಏನಂದ್ರೆ, ಚೆಲ್ಲೋ ನುಡಿಸುವ ಗೆಳೆಯನಿಗೆ ಕೊಟ್ಟ ಆ ಕೃತಿಯ ಮೂರನೇ ಭಾಗದಲ್ಲಿ ಮೆರೆಯುವುದು ಚೆಲ್ಲೋ ಅಲ್ಲ, ವಯೋಲಾ. ಯೂಟ್ಯೂಬಿನಲ್ಲಿ ಸಿಗುತ್ತದೆ, ಕೇಳಿ ನೋಡಿ.

ಎಂಗೆಲ್‌ಮನ್ ಸಸ್ಯಶಾಸ್ತ್ರಜ್ಞರಲ್ಲ ಅನ್ನೋದನ್ನು ಇಲ್ಲಿ ಹೇಳಲೇಬೇಕು. ಅವರು ಶರೀರಕ್ರಿಯಾಶಾಸ್ತ್ರದವರು, ಅಂದ್ರೆ ಫಿಸಿಯಾಲಜಿ. ಸ್ನಾಯು ಹೇಗೆ ಕುಗ್ಗುತ್ತದೆ, ಹೃದಯ ಹೇಗೆ ಬಡಿಯುತ್ತದೆ ಅನ್ನೋದು ಅವರ ಮುಖ್ಯ ಕೆಲಸ. ಹೃದಯದ ಬಡಿತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯೋದು ನರಗಳ ಮೂಲಕವೋ ಅಥವಾ ಸ್ನಾಯುವಿನ ಮೂಲಕವೋ ಅನ್ನೋದು ಆಗ ದೊಡ್ಡ ಜಗಳ. 1875ರಲ್ಲಿ ಅವರು ಕಪ್ಪೆಯ ಹೃದಯದ ಮಾಂಸವನ್ನು ಅಂಕುಡೊಂಕಾಗಿ ಕತ್ತರಿಸಿದರು, ಅಲ್ಲಲ್ಲಿ ಸಣ್ಣ ಸೇತುವೆಯಂತೆ ಮಾಂಸ ಉಳಿಯುವ ಹಾಗೆ. ನೇರವಾಗಿ ಹೋಗುವ ದಾರಿ ಎಲ್ಲಾ ತುಂಡಾದರೂ ಬಡಿತ ಆ ಸೇತುವೆಗಳ ಮೇಲೆ ಸುತ್ತಿಕೊಂಡು ಆಚೆ ದಡ ಸೇರಿತು. ಹಾಗಾಗಿ ಸ್ನಾಯುಕೋಶದಿಂದ ಸ್ನಾಯುಕೋಶಕ್ಕೇ ಸಂದೇಶ ಹೋಗುತ್ತದೆ ಅಂತ ವಾದಿಸಿದರು. ಇವತ್ತು ಐಸಿಯುನಲ್ಲಿ ಹೃದಯದ ಶಕ್ತಿ ಹೆಚ್ಚಿಸಲು ಕೊಡುವ ಔಷಧಿಗೆ ಐನೋಟ್ರೋಪ್ ಅಂತಾರಲ್ಲ, ಆ ಬಗೆಯ ಪದಗಳನ್ನು ಹೃದಯದ ವಿಷಯಕ್ಕೆ ತಂದವರೂ ಅವರೇ.

ಈಗ ಬೆಳಕಿನ ವಿಷಯಕ್ಕೆ ಬರೋಣ. ಗಿಡಕ್ಕೆ ಬೆಳಕು ಬೇಕು ಅನ್ನೋದು ಹದಿನೆಂಟನೇ ಶತಮಾನದಲ್ಲೇ ಗೊತ್ತಾಗಿತ್ತು. ಆದರೆ ಬಿಳಿ ಬೆಳಕಿನೊಳಗೆ ಕಾಮನಬಿಲ್ಲಿನ ಎಲ್ಲಾ ಬಣ್ಣ ಇದೆ. ಅದರಲ್ಲಿ ಗಿಡ ಯಾವುದನ್ನು ಕೆಲಸಕ್ಕೆ ಬಳಸುತ್ತದೆ? ಎಂಗೆಲ್‌ಮನ್ ಹುಟ್ಟಿದ 1843ರಲ್ಲೇ ಅಮೆರಿಕದ ಜಾನ್ ವಿಲಿಯಂ ಡ್ರೇಪರ್ ಇದಕ್ಕೊಂದು ಉತ್ತರ ಪ್ರಕಟಿಸಿದ್ದರು. ಪ್ರಿಸಂನಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಒಂದೊಂದು ಗಾಜಿನ ಕೊಳವೆ ಇಟ್ಟು, ಅದರೊಳಗೆ ನೀರು ಮತ್ತು ಎಲೆ ಹಾಕಿ, ಎಷ್ಟು ಅನಿಲ ಹೊರಬಂತು ಅಂತ ಅಳೆದರು. ಹಳದಿ ಬೆಳಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂತು. ಆಮೇಲೆ ಜರ್ಮನಿಯ ದೊಡ್ಡ ಸಸ್ಯಶಾಸ್ತ್ರಜ್ಞರೂ ಹಳದಿಯ ಪರವಾಗಿಯೇ ನಿಂತರು. ನಮ್ಮ ಕಣ್ಣಿಗೂ ಕಾಮನಬಿಲ್ಲಿನಲ್ಲಿ ಹಳದಿ ಮತ್ತು ಅದರ ಅಕ್ಕಪಕ್ಕವೇ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಹಾಗಾಗಿ ಈ ಉತ್ತರ ಎಲ್ಲರಿಗೂ ಸರಿ ಅನ್ನಿಸಿತು.

ಆದರೆ ಒಂದು ತೊಡಕಿತ್ತು. ಎಲೆಯ ಹಸಿರು ಬಣ್ಣಕ್ಕೆ ಕಾರಣ ಆಗಿರುವ ಪತ್ರಹರಿತ್ತು ಹಳದಿ ಬೆಳಕನ್ನು ಅಷ್ಟಾಗಿ ಹೀರುವುದೇ ಇಲ್ಲ, ಅದು ಹೀರೋದು ಕೆಂಪು ಮತ್ತು ನೀಲಿ. ಹೀರದ ಬೆಳಕು ಕೆಲಸ ಮಾಡೋದು ಹೇಗೆ? ಉಣ್ಣದೆ ಹೊಟ್ಟೆ ತುಂಬಿತು ಅಂದ ಹಾಗಾಯ್ತು. ಒಂದೋ ಪತ್ರಹರಿತ್ತಿಗೂ ದ್ಯುತಿಸಂಶ್ಲೇಷಣೆಗೂ ನೇರ ಸಂಬಂಧ ಇಲ್ಲ ಅಂತ ಒಪ್ಪಬೇಕು, ಇಲ್ಲಾ ಅಳತೆಯೇ ತಪ್ಪು ಅನ್ನಬೇಕು. ಪತ್ರಹರಿತ್ತು ಬರೀ ಒಂದು ಪರದೆ, ಜೋರು ಬೆಳಕಿನಿಂದ ಕೋಶವನ್ನು ಕಾಪಾಡುತ್ತದೆ ಅಷ್ಟೇ ಅಂತ ವಾದಿಸಿದ ಪ್ರಿಂಗ್ಸ್‌ಹೈಮ್ ಅನ್ನೋ ಹಿರಿಯ ವಿಜ್ಞಾನಿಯೂ ಇದ್ದರು.

ಅಳತೆಯಲ್ಲಿ ತಪ್ಪಾಗುವ ಜಾಗ ಯಾವುದು ಅಂತ ನಮಗೆ ಸುಲಭವಾಗಿ ಅರ್ಥ ಆಗುತ್ತದೆ. ಬಣ್ಣಗಳು ಶುದ್ಧವಾಗಿ ಬೇರೆಯಾಗಬೇಕು ಅಂದ್ರೆ ಬೆಳಕು ಒಳಬರುವ ಸೀಳು ತುಂಬಾ ಕಿರಿದಾಗಿರಬೇಕು. ಸೀಳು ಕಿರಿದಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಬರುವ ಅನಿಲ ಅಳೆಯೋಕೆ ಸಾಲದಷ್ಟು. ಅಳೆಯುವಷ್ಟು ಅನಿಲ ಬೇಕು ಅಂತ ಸೀಳು ಅಗಲ ಮಾಡಿದರೆ ಒಂದು ಬಣ್ಣ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಈ ಕಲಸುಮೇಲೋಗರ ಜಾಸ್ತಿ ಆಗೋದು ಮಧ್ಯದಲ್ಲಿ, ಅಂದ್ರೆ ಹಳದಿಯ ಹತ್ತಿರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೆಸೊಲ್ಯೂಷನ್ ಬೇಕಾದರೆ ಸಿಗ್ನಲ್ ಹೋಗುತ್ತದೆ, ಸಿಗ್ನಲ್ ಬೇಕಾದರೆ ರೆಸೊಲ್ಯೂಷನ್ ಹೋಗುತ್ತದೆ. ರಷ್ಯಾದ ಕ್ಲಿಮೆಂಟ್ ತಿಮಿರ್ಯಾಜೆವ್ ಇದನ್ನು ಮೊದಲೇ ಗುರುತಿಸಿದ್ದರು. ಅವರೂ ಹುಟ್ಟಿದ್ದು 1843ರಲ್ಲೇ. ಅತಿ ಕಡಿಮೆ ಅನಿಲವನ್ನೂ ಅಳೆಯುವ ಉಪಕರಣ ಮಾಡಿಕೊಂಡು, ಕಿರಿದಾದ ಸೀಳಿನಲ್ಲೇ ಪ್ರಯೋಗ ಮಾಡಿ, ಹೆಚ್ಚು ಕೆಲಸ ಮಾಡುವುದು ಹಳದಿ ಅಲ್ಲ, ಪತ್ರಹರಿತ್ತು ಚೆನ್ನಾಗಿ ಹೀರುವ ಕೆಂಪು ಅಂತ 1870ರ ದಶಕದಲ್ಲೇ ತೋರಿಸಿದರು. ಆ ಗೌರವ ಅವರಿಗೆ ಸಲ್ಲಬೇಕು. ಆದರೆ ಹಳದಿಯ ಪಕ್ಷ ಅಷ್ಟು ಬೇಗ ಸೋಲೊಪ್ಪಲಿಲ್ಲ.

ಎಂಗೆಲ್‌ಮನ್ ಹಿಡಿದ ದಾರಿಯೇ ಬೇರೆ. ಮೈಕ್ರೋಸ್ಕೋಪಿನಡಿ ಕೊಳೆತ ನೀರಿನ ಬ್ಯಾಕ್ಟೀರಿಯಾಗಳನ್ನು ನೋಡುತ್ತಿದ್ದಾಗ ಅವರು ಒಂದು ವಿಷಯ ಗಮನಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕ ಇರುವ ಕಡೆಗೆ ಈಜಿಕೊಂಡು ಹೋಗುತ್ತವೆ. ಆಮ್ಲಜನಕ ಮುಗಿದರೆ ಸುಮ್ಮನೆ ನಿಂತುಬಿಡುತ್ತವೆ. ಆ ನೀರಿನಲ್ಲಿ ಒಂದು ಹಸಿರು ಪಾಚಿಯ ಎಳೆ ಇದ್ದು, ಅದಕ್ಕೆ ಬೆಳಕು ಬಿದ್ದರೆ, ನಿಂತಿದ್ದ ಬ್ಯಾಕ್ಟೀರಿಯಾಗಳು ಮತ್ತೆ ಜೀವ ಬಂದಂತೆ ಓಡಾಡುತ್ತವೆ, ಪಾಚಿಯ ಸುತ್ತ ಮುತ್ತಿಕೊಳ್ಳುತ್ತವೆ. ಬೆಳಕು ಆರಿಸಿದರೆ ಮತ್ತೆ ಚದುರುತ್ತವೆ. ಬೆಲ್ಲಕ್ಕೆ ಇರುವೆ ಮುತ್ತಿದರೆ ಬೆಲ್ಲ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ ಅಲ್ವಾ, ಹಾಗೆ. ಗಾಜಿನ ಕೊಳವೆ, ಅನಿಲದ ಅಳತೆ ಯಾವುದೂ ಬೇಡ. ಒಂದು ಕೋಶದ ಒಂದು ಮೂಲೆಯಿಂದ ಬರುವ ಆಮ್ಲಜನಕವನ್ನೂ ಹಿಡಿಯುವ ಸೆನ್ಸರ್ ಸಿಕ್ಕಿತು. ಅದೂ ಬಿಟ್ಟಿಯಾಗಿ!

ಇದನ್ನು ಅವರು 1881ರಲ್ಲಿ ಪ್ರಕಟಿಸಿದರು. ಸ್ಪೈರೋಗೈರಾ ಅನ್ನೋ ಪಾಚಿಯ ಕೋಶದೊಳಗೆ ಪತ್ರಹರಿತ್ತು ಇರುವ ಹಸಿರು ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಸೂಜಿಮೊನೆಯಷ್ಟು ಸಣ್ಣ ಬೆಳಕಿನ ಚುಕ್ಕೆಯನ್ನು ಆ ಹಸಿರು ಪಟ್ಟಿಯ ಮೇಲೆ ಬೀಳಿಸಿದರೆ ಅಲ್ಲಿ ಬ್ಯಾಕ್ಟೀರಿಯಾ ಸೇರಿದವು. ಪಟ್ಟಿಯ ಪಕ್ಕದ ಬಣ್ಣವಿಲ್ಲದ ಭಾಗಕ್ಕೆ ಬೀಳಿಸಿದರೆ ಒಂದೂ ಬರಲಿಲ್ಲ. ಆಮ್ಲಜನಕ ಬರುವುದು ಹಸಿರು ಇರುವ ಜಾಗದಿಂದಲೇ, ಬೆಳಕು ಬಿದ್ದಾಗಲೇ. ಪತ್ರಹರಿತ್ತು ಬರೀ ಪರದೆ ಅನ್ನೋ ವಾದಕ್ಕೆ ಇದು ದೊಡ್ಡ ಪೆಟ್ಟು.

ಮುಂದಿನ ವರ್ಷ, 1882ರಲ್ಲಿ, ಬಣ್ಣದ ಪ್ರಯೋಗ ಬಂತು. ಮೈಕ್ರೋಸ್ಕೋಪಿನ ಕೆಳಗಿನಿಂದ ಪ್ರಿಸಂ ಮೂಲಕ ಬೆಳಕು ಹಾಯಿಸಿ, ಇಡೀ ಕಾಮನಬಿಲ್ಲನ್ನು ಕುಗ್ಗಿಸಿ ಸ್ಲೈಡಿನ ಮೇಲೆ ಪುಟ್ಟದಾಗಿ ಮೂಡಿಸುವ ಉಪಕರಣವನ್ನು ಅವರು ಯೋಚಿಸಿದರು. ಯೇನಾದ ಕಾರ್ಲ್ ಝೈಸ್ ಕಂಪನಿ ಅದನ್ನು ತಯಾರಿಸಿತು. ಇವತ್ತು ಮೊಬೈಲ್ ಕ್ಯಾಮೆರಾದ ಲೆನ್ಸಿನ ಪಕ್ಕ ನೋಡುತ್ತೀವಲ್ಲ, ಅದೇ ಝೈಸ್. ಆ ಪುಟ್ಟ ಕಾಮನಬಿಲ್ಲಿನ ಉದ್ದಕ್ಕೂ ಪಾಚಿಯ ಒಂದು ಎಳೆಯನ್ನು ಮಲಗಿಸಿದರು. ಎಳೆಯ ಒಂದು ತುದಿಗೆ ಕೆಂಪು, ಆಮೇಲೆ ಹಳದಿ, ಹಸಿರು, ನೀಲಿ, ಇನ್ನೊಂದು ತುದಿಗೆ ನೇರಳೆ. ಸುತ್ತ ಬ್ಯಾಕ್ಟೀರಿಯಾ ಇರುವ ನೀರು. ಸ್ವಲ್ಪ ಹೊತ್ತು ಕಾದರು.

ಬ್ಯಾಕ್ಟೀರಿಯಾಗಳು ಹೋಗಿ ಸೇರಿದ್ದು ಕೆಂಪಿನಲ್ಲಿ, ದಟ್ಟವಾಗಿ. ಇನ್ನೊಂದು ಗುಂಪು ನೀಲಿಯಲ್ಲಿ. ಹಸಿರಿನಲ್ಲಿ ತೀರಾ ಕಡಿಮೆ. ಪತ್ರಹರಿತ್ತು ಯಾವ ಬಣ್ಣ ಎಷ್ಟು ಹೀರುತ್ತದೆ ಅನ್ನೋ ಗ್ರಾಫನ್ನು ಬ್ಯಾಕ್ಟೀರಿಯಾಗಳೇ ಸ್ಲೈಡಿನ ಮೇಲೆ ಬರೆದುಕೊಟ್ಟ ಹಾಗಿತ್ತು. ನಮ್ಮ ಕಣ್ಣಿಗೆ ಎದ್ದು ಕಾಣುವ ಹಳದಿಯನ್ನು ಗಿಡ ಅಷ್ಟಾಗಿ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಗುಂಪಿನ ಗಾತ್ರ ಕಣ್ಣಂದಾಜು ಆಯ್ತಲ್ಲ, ನಂಬರ್ ಎಲ್ಲಿ ಅಂತ ಕೇಳಬಹುದು. ಅದಕ್ಕೂ ಅವರ ಹತ್ತಿರ ಉಪಾಯ ಇತ್ತು. ಒಂದೊಂದು ಬಣ್ಣದಲ್ಲೂ ಸೀಳನ್ನು ಹೆಚ್ಚುಕಡಿಮೆ ಮಾಡಿ, ಬ್ಯಾಕ್ಟೀರಿಯಾಗಳು ಈಜೋಕೆ ಕನಿಷ್ಠ ಎಷ್ಟು ಅಗಲ ಸಾಕು ಅಂತ ನೋಡಿದರು. ಕಡಿಮೆ ಅಗಲ ಸಾಕಾದರೆ ಆ ಬಣ್ಣ ಹೆಚ್ಚು ಪರಿಣಾಮಕಾರಿ. ಬಿಸಿಲಿನಲ್ಲೂ ನೋಡಿದರು, ಗ್ಯಾಸ್ ದೀಪದಲ್ಲೂ ನೋಡಿದರು. ಇವತ್ತು ಆಕ್ಷನ್ ಸ್ಪೆಕ್ಟ್ರಮ್ ಅಂತ ಕರೆಯುವ ಕಲ್ಪನೆ ಶುರುವಾಗುವುದು ಈ ಕೆಲಸದಿಂದ.

ಎಂಗೆಲ್‌ಮನ್ ಅಲ್ಲಿಗೇ ನಿಲ್ಲಲಿಲ್ಲ. ಕಂದು, ಕೆಂಪು ಮತ್ತು ನೀಲಿ-ಹಸಿರು ಪಾಚಿಗಳನ್ನೂ ಅದೇ ಕಾಮನಬಿಲ್ಲಿನ ಮೇಲೆ ಮಲಗಿಸಿದರು. 1883ರ ಹೊತ್ತಿಗೆ ಸಿಕ್ಕ ಉತ್ತರ ಏನಂದ್ರೆ, ಕೆಂಪು ಪಾಚಿ ಹಸಿರು ಬೆಳಕಿನಲ್ಲೇ ಚುರುಕಾಗಿ ಕೆಲಸ ಮಾಡುತ್ತದೆ. ಪತ್ರಹರಿತ್ತು ಒಂದೇ ಅಲ್ಲ, ಬೇರೆ ವರ್ಣದ್ರವ್ಯಗಳೂ ಬೆಳಕು ಹಿಡಿದು ಕೊಡುತ್ತವೆ ಅಂತ ಇದರಿಂದ ಗೊತ್ತಾಯ್ತು. ಸಮುದ್ರದ ಆಳಕ್ಕೆ ಕೆಂಪು ಬೆಳಕು ತಲುಪುವುದಿಲ್ಲ, ಹಾಗಾಗಿ ಆಳದಲ್ಲಿ ಕೆಂಪು ಪಾಚಿಗಳೇ ಇರುತ್ತವೆ ಅಂತ ಅವರು ವಿವರಿಸಿದರು. ಈ ವಿವರಣೆ ಪೂರ್ತಿ ನಿಲ್ಲಲಿಲ್ಲ, ಕಡಿಮೆ ಆಳದಲ್ಲೂ ಕೆಂಪು ಪಾಚಿ ಇದೆ, ಹೆಚ್ಚು ಆಳದಲ್ಲೂ ಹಸಿರು ಪಾಚಿ ಇದೆ. ಆದರೆ ವರ್ಣದ್ರವ್ಯಗಳ ಬಗ್ಗೆ ಹೇಳಿದ್ದು ಸರಿಯಾಗಿತ್ತು.

ನೇರಳೆ ಬಣ್ಣದ ಬ್ಯಾಕ್ಟೀರಿಯಾಗಳ ಕತೆ ಇನ್ನೂ ಸ್ವಾರಸ್ಯ. ಇವು ಬೆಳಕಿಗೇ ಓಗೊಡುವಂಥವು. ಇವುಗಳನ್ನು ಕಾಮನಬಿಲ್ಲಿನ ಮೇಲೆ ಬಿಟ್ಟಾಗ ಅತಿ ಹೆಚ್ಚು ಸೇರಿದ್ದು ಕೆಂಪಿನ ಆಚೆ, ನಮ್ಮ ಕಣ್ಣಿಗೆ ಕತ್ತಲೆಯಾಗಿ ಕಾಣುವ ಜಾಗದಲ್ಲಿ. ಅಂದ್ರೆ ಇನ್ಫ್ರಾರೆಡ್! ಕಣ್ಣಿಗೆ ಕಾಣದ ಬೆಳಕಿನಲ್ಲೂ ಜೀವಿಗಳು ಬದುಕು ಕಟ್ಟಿಕೊಳ್ಳಬಹುದು ಅಂತ ಅವರು ಸರಿಯಾಗಿಯೇ ಊಹಿಸಿದರು. ಆದರೆ ಒಂದು ಹೆಜ್ಜೆ ಮುಂದೆ ಹೋಗಿ, ಇವೂ ಗಿಡಗಳಂತೆ ಆಮ್ಲಜನಕ ಬಿಡುತ್ತವೆ ಅಂದರು. ಅದು ತಪ್ಪು. ಆ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಿಡುವುದಿಲ್ಲ ಅಂತ 1930ರ ದಶಕದಲ್ಲಿ ಕಾರ್ನೆಲಿಸ್ ವಾನ್ ನೀಲ್ ಖಚಿತಪಡಿಸಿದರು. ಅದೇ ಎಳೆ ಹಿಡಿದು, ಗಿಡ ಬಿಡುವ ಆಮ್ಲಜನಕ ಕಾರ್ಬನ್ ಡೈಆಕ್ಸೈಡಿನಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು ಅನ್ನೋ ವಿಚಾರಕ್ಕೆ ವಾನ್ ನೀಲ್ ತಲುಪಿದರು. ಎಂಗೆಲ್‌ಮನ್ ಎಡವಿದ ಜಾಗದಲ್ಲೇ ಇನ್ನೊಬ್ಬರಿಗೆ ದಾರಿ ಸಿಕ್ಕಿತು.

1897ರಲ್ಲಿ ಅವರಿಗೆ ಬರ್ಲಿನ್‌ನಿಂದ ಕರೆ ಬಂತು. ನರ ಮತ್ತು ಸ್ನಾಯುಗಳ ವಿದ್ಯುತ್ತಿನ ಅಧ್ಯಯನಕ್ಕೆ ಹೆಸರಾಗಿದ್ದ ಎಮಿಲ್ ಡು ಬೋಯ್ಸ್-ರೇಮಂಡ್ ತೀರಿಕೊಂಡು, ಅವರ ಪೀಠ ಖಾಲಿ ಇತ್ತು. ಮೂವತ್ತು ವರ್ಷದ ಉಟ್ರೆಕ್ಟ್ ವಾಸ ಮುಗಿಸಿ ಎಂಗೆಲ್‌ಮನ್ ಕುಟುಂಬ ಬರ್ಲಿನ್‌ಗೆ ಹೋಯಿತು. ಅಲ್ಲಿ ಅವರ ಲ್ಯಾಬಿಗೆ ಬಂದ ಗೈಡುಕೋವ್ ಅನ್ನೋ ರಷ್ಯನ್ ಸಂಶೋಧಕ, ಒಂದು ಬಗೆಯ ನೀಲಿ-ಹಸಿರು ಪಾಚಿಯನ್ನು ಬೇರೆಬೇರೆ ಬಣ್ಣದ ಬೆಳಕಿನಲ್ಲಿ ಬೆಳೆಸಿದರೆ ಅದು ತನ್ನ ಮೈಬಣ್ಣವನ್ನೇ ಬದಲಿಸಿಕೊಳ್ಳುತ್ತದೆ ಅಂತ ತೋರಿಸಿದರು. ಸಿಕ್ಕ ಬೆಳಕನ್ನು ಹೀರಲು ಯಾವ ಬಣ್ಣ ಬೇಕೋ ಆ ಬಣ್ಣಕ್ಕೆ ತಿರುಗುತ್ತದೆ. ಎಂಗೆಲ್‌ಮನ್ 1909ರ ಮೇ 20ರಂದು ಬರ್ಲಿನ್‌ನಲ್ಲಿ ತೀರಿಕೊಂಡರು. ಅರವತ್ತೈದು ವರ್ಷ ಆಗಿತ್ತು.

ಅವರ ಗ್ರಾಫಿನ ಆಮೇಲಿನ ಕತೆಯನ್ನೂ ಸ್ವಲ್ಪ ಹೇಳಬೇಕು. ನೀಲಿ ಬೆಳಕಿನ ಒಂದು ಫೋಟಾನಿನಲ್ಲಿ, 450 ನ್ಯಾನೋಮೀಟರ್ ಅಂತ ಇಟ್ಟುಕೊಂಡರೆ, ಸುಮಾರು 2.75 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ. 680 ನ್ಯಾನೋಮೀಟರಿನ ಕೆಂಪಿನಲ್ಲಿ ಸುಮಾರು 1.82 ಮಾತ್ರ. ಹಾಗಿದ್ದರೆ ನೀಲಿಯೇ ಮೇಲಲ್ವಾ? ಅಲ್ಲ. ನೀಲಿ ಫೋಟಾನ್ ಹೀರಿದ ಪತ್ರಹರಿತ್ತು ಕ್ಷಣದಲ್ಲೇ ಕೆಂಪಿನ ಮಟ್ಟಕ್ಕೆ ಇಳಿದುಬಿಡುತ್ತದೆ, ಮಿಕ್ಕ ಶಕ್ತಿ ಶಾಖವಾಗಿ ಹೋಗುತ್ತದೆ. ಸೋಲಾರ್ ಸೆಲ್ಲಿನಲ್ಲಿ ಬ್ಯಾಂಡ್ ಗ್ಯಾಪಿಗಿಂತ ಹೆಚ್ಚಿನ ಶಕ್ತಿ ವ್ಯರ್ಥ ಆಗುತ್ತದೆ ಅಂತ ಓದುತ್ತೀವಲ್ಲ, ಹೆಚ್ಚೂಕಮ್ಮಿ ಅದೇ ಲೆಕ್ಕ. ಹಸಿರಿನ ವಿಷಯದಲ್ಲಿ ಮಾತ್ರ ನಮ್ಮ ಪಠ್ಯಪುಸ್ತಕದ ತಿಳುವಳಿಕೆ ಸ್ವಲ್ಪ ತಿದ್ದಿಕೊಳ್ಳಬೇಕು. ಎಂಗೆಲ್‌ಮನ್ ನೋಡಿದ್ದು ಒಂದೇ ಕೋಶದಷ್ಟು ತೆಳುವಾದ ಪಾಚಿಯ ಎಳೆಯನ್ನು. ದಪ್ಪ ಎಲೆಯೊಳಗೆ ಹೋದ ಹಸಿರು ಬೆಳಕು ಕೋಶದಿಂದ ಕೋಶಕ್ಕೆ ಬಡಿದು ಸುತ್ತಾಡಿ, ಕೊನೆಗೆ ಬಹುಪಾಲು ಹೀರಲ್ಪಡುತ್ತದೆ. 1972ರಲ್ಲಿ ಅಮೆರಿಕದ ಮೆಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನು ಅಳೆದಾಗ ಕೆಂಪೇ ಮೇಲೆ ಇತ್ತು, ಆದರೆ ಹಸಿರೂ ಗಣನೀಯವಾಗಿ ಕೆಲಸ ಮಾಡುತ್ತಿತ್ತು.

ಮನೆಯೊಳಗೆ ಸೊಪ್ಪು ಬೆಳೆಸುವ ಕಡೆ ಗುಲಾಬಿ-ನೇರಳೆ ಬಣ್ಣದ ಎಲ್‌ಇಡಿ ದೀಪ ಉರಿಯುವ ಫೋಟೋ ಎಲ್ಲರೂ ನೋಡಿರುತ್ತೀರಿ. ಕೆಂಪು ಮತ್ತು ನೀಲಿ ಎಲ್‌ಇಡಿ ಸೇರಿದರೆ ಬರುವ ಬಣ್ಣ ಅದು. ನಮ್ಮ ಕಣ್ಣಿಗೆ ವಿಚಿತ್ರ, ಸ್ವಲ್ಪ ಹೊತ್ತು ನೋಡಿದರೆ ತಲೆನೋವು. ಆದರೆ ಆ ದೀಪ ಹಾಕಿರುವುದು ನಮಗಲ್ಲ, ಸೊಪ್ಪಿಗೆ. 1882ರಲ್ಲಿ ಉಟ್ರೆಕ್ಟ್‌ನ ಒಂದು ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾಗಳು ಗುಂಪು ಸೇರಿದ್ದು ಆ ಎರಡು ಬಣ್ಣಗಳಲ್ಲೇ. ಮುಂದಿನ ಸಲ ಪ್ರಾಜೆಕ್ಟಿಗೆ ಬೇಕಾದ ಸೆನ್ಸರ್ ಅಂಗಡಿಯಲ್ಲಿ ಸಿಗಲಿಲ್ಲ ಅಂತ ಕೈಚೆಲ್ಲಿ ಕೂರುವ ಮೊದಲು ಎಂಗೆಲ್‌ಮನ್ನರನ್ನು ಒಮ್ಮೆ ನೆನಪಿಸಿಕೊಳ್ಳೋಣ. ಅವರಿಗೆ ಬೇಕಾದ ಸೆನ್ಸರ್ ಕೊಳೆತ ನೀರಿನ ಒಂದು ಹನಿಯಲ್ಲಿ ಈಜಾಡುತ್ತಿತ್ತು.